ಗೊಂತಿನ ಜಾಗದಲ್ಲಿ ಮೀನಿನ ಕೊಳ

ಮನೆಯೊಳಗೆ ಕೊಳ ಕಟ್ಟಿ ಬಣ್ಣದ ಮೀನು ಸಾಕುವುದು ಬಹಳ ಸುಲಭ. ಇದನ್ನು ನಾನು ಫೋನಿನಲ್ಲಿ ಕಣ್ಣಾರೆ ನೋಡಿದ್ದೇನೆ. ಒಬ್ಬ ಮನುಷ್ಯ ಖಾಲಿ ಹಾಲ್‌ನಲ್ಲಿ ನಿಂತು ನಗುತ್ತಾನೆ. ಗುಂಡಿ ತೋಡುತ್ತಾನೆ. ಹಿನ್ನೆಲೆಯಲ್ಲಿ ಕೊಳಲು ಕೇಳಿಸುತ್ತದೆ. ನೀರು ಬರುತ್ತದೆ, ಮೀನು ಬರುತ್ತವೆ, ಅವನು ಮತ್ತೆ ನಗುತ್ತಾನೆ. ನಮ್ಮ ಮನೆಯಲ್ಲೂ ಎಲ್ಲ ಇದೇ ಕ್ರಮದಲ್ಲಿ ನಡೆಯಿತು. ಕೊನೆಯಲ್ಲಿ ನಕ್ಕವರು ಮಾತ್ರ ಬೇರೆಯವರು.

ಮುಂದೆ ಹೋಗುವ ಮೊದಲು ಒಂದು ಮಾತು. ನಾನು ದಿನಚರಿ ಬರೆಯುವವನು. ಆದರೆ ಅದರಲ್ಲಿರುವುದನ್ನು ಪೂರ್ತಿ ನಂಬುವುದಿಲ್ಲ, ಬರೆದವನು ನಾನೇ ಆದ್ದರಿಂದ. ಕೊಳದ ಕೆಲಸ ಶುರುವಾದ ದಿನದ ಪುಟದಲ್ಲಿ ‘ಮನೆಯವರೆಲ್ಲ ಸಂತೋಷದಿಂದ ಒಪ್ಪಿದರು’ ಎಂದಿದೆ. ಹೆಂಡತಿ ಸವಿತಾ ಆ ದಿನ ತಾನು ತವರಿಗೆ ಹೋಗಿದ್ದೆ ಎನ್ನುತ್ತಾಳೆ. ಅಮ್ಮ ಹಸು ಮೇಯಿಸಲು ಕೆರೆಯಂಗಳಕ್ಕೆ ಹೋಗಿದ್ದಳಂತೆ. ಹಾಗಾದರೆ ಸಂತೋಷದಿಂದ ಒಪ್ಪಿದವರು ಯಾರು? ಮನೆಯಲ್ಲಿ ಉಳಿದಿದ್ದವನು ನಾನೊಬ್ಬನೇ.

ನಮ್ಮ ಊರು ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿದರೆ ಸಿಗುತ್ತದೆ. ನಾನು ಊರಿಗಾಂ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಮನೆ ತಾತನ ಕಾಲದ್ದು, ಕಲ್ಲುಚಪ್ಪಡಿಯ ಮಾಳಿಗೆಯದು. ಹಳೆಯ ಮನೆಗಳ ರೂಢಿಯಂತೆ ಮುಂಬಾಗಿಲು ದಾಟಿದ ಕೂಡಲೇ ಎಡಗಡೆ ಗೊಂತು, ಅಂದರೆ ಮನೆಯೊಳಗೇ ದನ ಕಟ್ಟುವ ಜಾಗ. ನಡುಮನೆಗಿಂತ ಮೊಣಕಾಲುದ್ದ ತಗ್ಗು. ಮನುಷ್ಯರು ಮೇಲೆ, ದನ ಕೆಳಗೆ, ಸೂರು ಒಂದೇ.

ಅಲ್ಲಿ ವಾಸವಾಗಿದ್ದವಳು ಚುಕ್ಕಿ. ಹಣೆಯ ಮೇಲೆ ಬಿಳಿ ಬೊಟ್ಟಿರುವ ಸೀಮೆ ಹಸು. ಹುಟ್ಟಿದ್ದೂ ಅಲ್ಲೇ, ಬೆಳೆದದ್ದೂ ಅಲ್ಲೇ, ಆಗಷ್ಟೇ ಕರು ಹಾಕಿದ್ದೂ ಅಲ್ಲೇ. ಅವಳ ಹಾಲನ್ನು ಅಮ್ಮ ಹೊತ್ತೊತ್ತಿಗೆ ಊರ ಡೈರಿಗೆ ಹಾಕುತ್ತಾಳೆ. ಅಮ್ಮನಿಗೆ ಓದು ಬರುವುದಿಲ್ಲ, ಸಹಿ ಬರುವುದಿಲ್ಲ. ಊರಿನಲ್ಲಿ ಅವಳಿಗಿರುವ ಹೆಸರೆಲ್ಲ ಆ ಹಾಲಿನದು. ಹಾಲಿಗೆ ನೀರು ಬೆರೆತಿದೆಯೇ ಎಂದು ಡೈರಿಯಲ್ಲಿ ಗಾಜಿನ ಕಡ್ಡಿ ಬಿಟ್ಟು ಡಿಗ್ರಿ ನೋಡುತ್ತಾರಷ್ಟೆ? ನಾರಾಯಣಮ್ಮನ ಹಾಲಿಗೆ ಕಡ್ಡಿ ಬಿಡುವುದು ದಂಡ ಎಂದು ಡೈರಿಯ ಸೆಕ್ರೆಟರಿ ವೆಂಕಟೇಶಪ್ಪ ಎಲ್ಲರೆದುರು ಹೇಳುತ್ತಿದ್ದ. ಅಮ್ಮ ಆ ಮಾತನ್ನು ಕೇಳಿಸಿಕೊಳ್ಳದವಳಂತೆ ನಿಂತಿರುತ್ತಿದ್ದಳು. ಆಮೇಲೆ ಮನೆಗೆ ಬಂದು ನಮಗೆ ಹೇಳುತ್ತಿದ್ದಳು.

ಸುಧಾರಣೆ ನನ್ನಿಂದ ಆರಂಭವಾಯಿತು. ಮನುಷ್ಯರ ಜೊತೆ ಒಂದೇ ಸೂರಿನಲ್ಲಿ ದನ ಇರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಹಿತ್ತಿಲಿನಲ್ಲಿ ಹೊಸ ಕೊಟ್ಟಿಗೆ ಕಟ್ಟಿಸಿದೆ. ತಗಡಿನ ಸೂರು, ಸಿಮೆಂಟ್ ನೆಲ, ನೀರು ಕುಡಿಯಲು ದೊಡ್ಡ ತೊಟ್ಟಿ, ತಿರುಗುವ ಫ್ಯಾನು. ಖಾಲಿಯಾದ ಗೊಂತಿನ ಮುಂದೆ ನಿಂತು ನೋಡಿದೆ. ತಗ್ಗು ಇತ್ತು, ಕಲ್ಲಿನ ಗೋಡೆ ಇತ್ತು. ನೀರೊಂದು ಇರಲಿಲ್ಲ.

ಸವಿತಾ ತವರಿನಿಂದ ಬಂದಾಗ ಮೇಸ್ತ್ರಿ ಚೌಡಪ್ಪ ಗೊಂತಿಗೆ ಸಿಮೆಂಟ್ ಮೆತ್ತುತ್ತಿದ್ದ.

“ಇಲ್ಲಿ ಸೋಫಾ ಬರುತ್ತೆ ಅಂದಿದ್ರಿ,” ಎಂದಳು.

“ಇದು ಸೋಫಾಕ್ಕಿಂತ ಚೆನ್ನಾಗಿರುತ್ತೆ.”

“ಬಂದೋರು ಎಲ್ಲಿ ಕೂತ್ಕೊಳ್ಳೋದು? ದಡದ ಮೇಲಾ?”

ಚೌಡಪ್ಪ ಸುತ್ತಮುತ್ತಲ ಊರುಗಳಲ್ಲಿ ನೀರಿನ ಸಂಪು ಕಟ್ಟುವುದರಲ್ಲಿ ಹೆಸರಾದವನು. ಇದೂ ಸಂಪೇ ಎಂದು ಅವನು ನಂಬಿದ್ದ. ಮೇಲೆ ಚಪ್ಪಡಿ ಎಲ್ಲಿ, ಮುಚ್ಚಳ ಎಲ್ಲಿ ಎಂದು ದಿನವೂ ಕೇಳುತ್ತಿದ್ದ. ಮುಚ್ಚಿದರೆ ಮೀನು ಕಾಣುವುದಿಲ್ಲ ಎಂದರೆ, ಕಾಣುವುದಕ್ಕೆ ಅವೇನು ಮದುವೆ ಹೆಣ್ಣೇ ಎಂದು ಕೇಳಿದ. ನಡುಮನೆಯಿಂದ ಗೊಂತಿಗೆ ಇಳಿಯಲು ಒಂದು ಇಳಿಜಾರು ಕಲ್ಲು ಹಾಸಿತ್ತು. ಮೂರು ತಲೆಮಾರಿನ ದನಗಳ ಗೊರಸು ತಾಗಿ ನುಣುಪಾದ ಕಲ್ಲು. ತನ್ನ ಚಪ್ಪಡಿಗೆ ಅಡ್ಡವಾಗುತ್ತದೆಂದು ಅದನ್ನು ಒಡೆಯಲು ಅವನು ಹಾರೆ ಎತ್ತಿದ.

ನಾನು ಅಡ್ಡ ನಿಂತೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು ಕಣ್ಣೆದುರಿಗೆ ಪರಂಪರೆ ಒಡೆಯಲು ಬಿಡುವುದಿಲ್ಲ. ಹಳೆಯ ಕಲ್ಯಾಣಿಗಳಲ್ಲಿ ಮೆಟ್ಟಿಲು ನೀರೊಳಗೆ ಇಳಿಯುತ್ತವಲ್ಲ, ಹಾಗೆ ಈ ಕಲ್ಲೂ ಕೊಳದೊಳಗೆ ಇಳಿಯಲಿ ಎಂದು ಆಜ್ಞೆ ಮಾಡಿದೆ. ಸುತ್ತಲೂ ಮೋಟುಗೋಡೆ ಬಂತು, ಕಲ್ಲಿರುವ ಕಡೆ ಮಾತ್ರ ಬಾಗಿಲಿನಷ್ಟು ಜಾಗ ತೆರೆದಿತ್ತು. ಆ ದಿನ ದಿನಚರಿಯಲ್ಲಿ ಈ ಕಲ್ಲಿನ ಬಗ್ಗೆ ಎರಡು ಪುಟ ಬರೆದಿದ್ದೇನೆ. ಅದರ ಮೇಲೆ ನಡೆದು ಅದನ್ನು ನುಣುಪು ಮಾಡಿದವರ ಬಗ್ಗೆ ಒಂದು ಸಾಲೂ ಇಲ್ಲ.

ಮೀನು ಕೊಟ್ಟವನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಬಣ್ಣದ ಮೀನು ಮಾರುವ ಅಂತೋಣಿ. ಗಪ್ಪಿ, ಏಂಜೆಲ್, ಗೌರಾಮಿ ಎಂದು ಒಂದೊಂದನ್ನೂ ತನ್ನ ಮಕ್ಕಳ ಹೆಸರು ಹೇಳುವಂತೆ ಹೇಳುತ್ತಿದ್ದ. ಕೊಳದ ತಳಕ್ಕೆಂದು ಕೆಲವು ಮೂಟೆ ಬಿಳಿ ಮರಳನ್ನೂ ಕೊಟ್ಟ. “ಇದು ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಮಣ್ಣಲ್ಲ ಸಾರ್, ಬಯಪಡಬೇಡಿ,” ಎಂದ. ಅವನು ಹೇಳುವವರೆಗೂ ನನಗೆ ಭಯವಿರಲಿಲ್ಲ. ಆದರೆ ಕೆಜಿಎಫ್‌ನಿಂದ ಮರಳಿನ ಮೂಟೆ ಬಂತೆಂದ ಕೂಡಲೇ ಊರಿಗೆ ಎಲ್ಲ ಅರ್ಥವಾಯಿತು. ಮೇಷ್ಟ್ರು ಮನೆಯೊಳಗೆ ತೊಟ್ಟಿ ಕಟ್ಟಿ ಚಿನ್ನ ತೊಳೆಯುತ್ತಿದ್ದಾರೆ! ನಾನು ನಿಜ ಹೇಳಿದಷ್ಟೂ ಗುಮಾನಿ ಹೆಚ್ಚಿತು. ಮೀನಿಗೋಸ್ಕರ ಯಾರಾದರೂ ಹಸುವನ್ನು ಮನೆಯಿಂದ ಆಚೆ ಹಾಕುತ್ತಾರೆಯೇ ಎಂಬುದು ಅವರ ವಾದ. ಒಳ್ಳೆಯ ವಾದವೇ.

ಮೀನುಗಳು ಬಂದವು. ಬಂದ ಮೀನುಗಳೆಲ್ಲ ಒಂದು ಮೂಲೆಗೆ ಹೋಗಿ ಗುಂಪಾಗಿ ನಿಂತವು, ಬಸ್ ಕಾಯುವವರ ಹಾಗೆ. ಅಂತೋಣಿಗೆ ಫೋನ್ ಮಾಡಿದೆ. “ಚಳಿ ಸಾರ್ ಅದಕ್ಕೆ. ಬಿಸಿಲು ದೇಶದ ಮೀನು. ಕೊಳಂದೆ ಮಾದಿರಿ ನೋಡ್ಕೋಬೇಕು, ಸಣ್ಣ ಮಗು ಥರ,” ಎಂದ. ಧನುರ್ಮಾಸದ ಚಳಿ ನಮ್ಮ ಕಡೆ ಸಣ್ಣದಲ್ಲ. ಮೊದಲು ಈ ಮನೆ ಇಷ್ಟು ತಣ್ಣಗಿರುತ್ತಿರಲಿಲ್ಲವಲ್ಲ ಎಂದು ಸವಿತಾ ಹೇಳಿದಳು. ಮೊದಲು ಇಲ್ಲಿ ಬಿಸಿ ಉಸಿರು ಬಿಡುತ್ತ ಒಂದು ದೊಡ್ಡ ಹಸು ಮಲಗಿರುತ್ತಿತ್ತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮೀನಿನ ಹೀಟರ್ ತಂದು ಹಾಕಿದೆ. ಊರಿಗೆಲ್ಲ ಕರೆಂಟ್ ಹೋಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಲೈನ್‌ಮನ್ ಹೇಳುವವರೆಗೆ ಜನ ನಂಬಲಿಲ್ಲ. ಹೇಳಿದ ಮೇಲೂ ನಂಬಲಿಲ್ಲ.

ಇತ್ತ ಹಿತ್ತಿಲಿನಲ್ಲಿ ಇನ್ನೂ ದೊಡ್ಡ ಸಂಕಟ ನಡೆದಿತ್ತು. ಹೊಸ ಕೊಟ್ಟಿಗೆಯಲ್ಲಿ ಚುಕ್ಕಿ ಹಾಲು ಇಳಿಸಲಿಲ್ಲ. ಕೆಚ್ಚಲು ತುಂಬಿ ಬಿಗಿದಿರುತ್ತಿತ್ತು, ಅಮ್ಮ ಕೂತು ಎಳೆದರೆ ಪಾತ್ರೆಯ ತಳ ಮುಚ್ಚುವಷ್ಟೂ ಬರುತ್ತಿರಲಿಲ್ಲ. ಕರು ಬಿಟ್ಟಳು, ಬೆಲ್ಲ ತಿನ್ನಿಸಿದಳು, ಕಡಲೆಕಾಯಿ ಹಿಂಡಿ ನೆನೆಸಿಟ್ಟಳು, ಮೈ ನೀವಿದಳು, ದೃಷ್ಟಿ ತೆಗೆದಳು. ಚುಕ್ಕಿ ಫ್ಯಾನು ನೋಡುತ್ತ ನಿಂತಿರುತ್ತಿದ್ದಳು. ದನದ ಡಾಕ್ಟರು ಬಂದು, ಹೀಗೇ ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವು ಬರುತ್ತದೆ, ಆಮೇಲೆ ಹಸು ಬತ್ತಿಹೋಗುತ್ತದೆ ಎಂದು ಹೆದರಿಸಿ ಹೋದರು. ಅಮ್ಮ ಖಾಲಿ ಕ್ಯಾನು ತೊಳೆದು ಬಿಸಿಲಿಗೆ ಬೋರಲು ಹಾಕಿ ಅದರ ಪಕ್ಕದಲ್ಲಿ ಕೂತಳು.

“ಅದು ಉಟ್ದಾಗಿಂದ ಅಲ್ಲೇ ನಿಂತದೆ ಕಣ್ಲಾ,” ಎಂದಳು. “ನಾಳಿಂದ ಇಲ್ಲಿ ನಿಂತ್ಕ ಅಂದ್ರೆ ಅದುಕ್ಕೆ ಎಂಗೆ ಗೊತ್ತಾಗ್ತದೆ?”

ನಿಧಾನವಾಗಿ ಹೊಂದಿಕೊಳ್ಳುತ್ತದೆ ಎಂದೆ. ಪ್ರಾಣಿಗಳಲ್ಲಿ ಹೊಂದಾಣಿಕೆಯ ಬಗ್ಗೆ ಇನ್ನೂ ಒಂದಿಷ್ಟು ಹೇಳಿದೆನೆಂದು ದಿನಚರಿ ಹೇಳುತ್ತದೆ. ಅಮ್ಮ ಅಷ್ಟು ಹೊತ್ತು ಕೇಳುತ್ತ ಕೂತಿದ್ದಳೇ ಎಂಬುದು ಅನುಮಾನ.

ಮೀನು ಮಂಕಾಗಿದ್ದವು, ಹಸು ಮುನಿಸಿಕೊಂಡಿತ್ತು. ಇಂಥ ಸಮಯದಲ್ಲಿ ವಿವೇಕಿಯಾದವನು ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ. ನಾನು ಉದ್ಘಾಟನೆ ಇಟ್ಟುಕೊಂಡೆ. ಚಿನ್ನದ ಗುಮಾನಿ ತೀರಲಿ ಎಂಬುದೂ ಒಂದು ಉದ್ದೇಶ. ಸಂಜೆ ಅಕ್ಕಪಕ್ಕದವರೆಲ್ಲ ಬಂದರು. ದೊಡ್ಡಪ್ಪ ಮುನಿಶಾಮಪ್ಪ ಮೋಟುಗೋಡೆಯ ಮೇಲೆ ಕೂತು, ಈ ಮೀನನ್ನು ಸಾರು ಮಾಡುವುದಕ್ಕೆ ಎಷ್ಟು ದಿನ ಬಿಡಬೇಕು ಎಂದು ವಿಚಾರಿಸಿದ. ಸವಿತಾ ಕಾಫಿ ಹಂಚುತ್ತಿದ್ದಳು. ಬರುವವರಿಗೆ ಅನುಕೂಲವಾಗಲೆಂದು ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದೆ.

ಅದೇ ಹೊತ್ತಿಗೆ ಅಮ್ಮ ಕೆರೆಯಂಗಳದಿಂದ ಚುಕ್ಕಿಯನ್ನು ಹೊಡೆದುಕೊಂಡು ಬರುತ್ತಿದ್ದಳು. ಅಷ್ಟು ದಿನ ಮುಚ್ಚಿರುತ್ತಿದ್ದ ಬಾಗಿಲು ಅಂದು ತೆರೆದಿತ್ತು. ಚುಕ್ಕಿ ಅಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡು ಹೊಸಿಲು ದಾಟಿದಳು. ಹಸು ಮನೆಯೊಳಗೆ ಬರುವಾಗ ಅಡ್ಡ ನಿಲ್ಲುವವರು ನಮ್ಮೂರಿನಲ್ಲಿ ಯಾರೂ ಇಲ್ಲ. ಎಲ್ಲರೂ ಕಾಫಿ ಲೋಟ ಹಿಡಿದೇ ಎದ್ದು ದಾರಿ ಬಿಟ್ಟರು. ಗೃಹಪ್ರವೇಶಕ್ಕೆ ಹಸು ತಾನಾಗಿ ಬಂದಂತಾಯಿತು ಎಂದು ಒಬ್ಬಾಕೆ ಕೈ ಮುಗಿದಳು. ಚುಕ್ಕಿ ಯಾರನ್ನೂ ನೋಡಲಿಲ್ಲ. ನೇರವಾಗಿ ನನ್ನ ಪರಂಪರೆಯ ಕಲ್ಲಿನ ಮೇಲೆ ಕಾಲಿಟ್ಟು, ಗಂಭೀರವಾಗಿ ಇಳಿದು, ತನ್ನ ಜಾಗಕ್ಕೆ ಹೋಗಿ ನಿಂತಳು. ನೀರು ಅವಳ ಮೊಣಕಾಲು ಮುಟ್ಟುತ್ತಿತ್ತು. ಬಗ್ಗಿ ಒಂದಿಷ್ಟು ಕುಡಿದಳು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟಳು.

ಮೂಲೆಯಲ್ಲಿ ಬಸ್ ಕಾಯುತ್ತಿದ್ದ ಮೀನುಗಳೆಲ್ಲ ಹೊರಟು ಬಂದು ಅವಳ ಕಾಲಿನ ಸುತ್ತ ಸೇರಿದವು. ಅವಳ ಗೊರಸಿನ ಸಂದು ಕೆದಕಲು ಶುರು ಮಾಡಿದವು. ಚುಕ್ಕಿ ಸುಖದಿಂದ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಕೆಚ್ಚಲಿನಿಂದ ಹಾಲು ತಾನಾಗಿಯೇ ತೊಟ್ಟಿಕ್ಕತೊಡಗಿತು. ಕೊಳದ ನೀರು ಅಲ್ಲಲ್ಲಿ ಬೆಳ್ಳಗಾಯಿತು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನು ನೋಡಿದಳು. ಒಳಗೆ ಹೋಗಿ ಪಾತ್ರೆ ತಂದಳು, ಸೀರೆ ಎತ್ತಿ ಕಟ್ಟಿದಳು, ಉದ್ಘಾಟನೆಗೆ ಬಂದವರೆಲ್ಲ ನೋಡುತ್ತಿದ್ದಂತೆ ಕೊಳಕ್ಕೆ ಇಳಿದು ಹಾಲು ಕರೆಯಲು ನಿಂತಳು. ಪಾತ್ರೆ ತುಂಬಿತು. ಇನ್ನೊಂದು ತರಲು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೊಳಕ್ಕೆ ಎಂದು ನಾನು ಬರೆದುಕೊಂಡಿದ್ದೇನೆ.

ಅಂದಿನಿಂದ ಚುಕ್ಕಿ ಕೊಳದಲ್ಲಲ್ಲದೆ ಬೇರೆಲ್ಲೂ ಹಾಲು ಕೊಡಲಿಲ್ಲ. ಹೊತ್ತೊತ್ತಿಗೆ ಅಮ್ಮ ನೀರಿಗಿಳಿಯುತ್ತಿದ್ದಳು, ಮೀನುಗಳು ಹಸುವಿನ ಕಾಲು ಬಿಟ್ಟು ಅಮ್ಮನ ಕಾಲಿಗೂ ಬರುತ್ತಿದ್ದವು. ನೋಡಲು ಬಂದ ಅಂತೋಣಿ, ನೀರು ಬೆಚ್ಚಗಾಗಿದೆ, ಗೌರಾಮಿ ಮೊಟ್ಟೆಯಿಡಲು ನೊರೆಗೂಡು ಕಟ್ಟಿದೆ, ಇನ್ನು ಮೇಲೆ ತಾನೂ ಮೀನಿನ ಜೊತೆ ಹಸು ಮಾರುವುದೇ ಸರಿ ಎಂದ. ಹಸು ನಿಂತ ಮೇಲೆ ಹಸು ಮಾಡುವ ಬೇರೆ ಕೆಲಸಗಳನ್ನೂ ಮಾಡುತ್ತಿತ್ತು. ಮೊದಲು ಸಗಣಿ ಬಾಚಬೇಕಾಗಿತ್ತು, ಈಗ ಜಾಲರಿಯಲ್ಲಿ ಹಿಡಿಯಬೇಕಾಯಿತು. ಆ ಕೆಲಸ ನನ್ನದು. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಯಾವುದೂ ಆಗ ನೆರವಿಗೆ ಬರಲಿಲ್ಲ. ಆದರೂ ಹಸು ಸುಖಿ, ಮೀನು ಸುಖಿ, ಅಮ್ಮನ ಕ್ಯಾನು ತುಂಬಿದೆ. ನಾನು ಗೆದ್ದೆ ಅಂದುಕೊಂಡೆ.

ಆಗ ಡೈರಿಯಲ್ಲಿ ಅದು ನಡೆಯಿತು. ನಾನು ಅಲ್ಲಿರಲಿಲ್ಲ. ಅಲ್ಲಿದ್ದವರು ಹೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಮೂವರು ಮೂರು ಥರ ಹೇಳಿದರೂ ಮೂವರೂ ಒಂದೇ ಕಡೆ ನಕ್ಕಿದ್ದರಿಂದ ಅಷ್ಟು ಮಾತ್ರ ನಿಜವಿರಬೇಕು. ಅಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆಯಿತ್ತು. ವೆಂಕಟೇಶಪ್ಪ ಎಂದಿನಂತೆ ಕಡ್ಡಿ ಬಿಡದೆ ಹಾಲನ್ನು ಜರಡಿಗೆ ಸುರಿದ. ಹಾಲೆಲ್ಲ ಇಳಿಯಿತು. ಜರಡಿಯ ಮೇಲೆ ಒಂದು ಗಪ್ಪಿ ಉಳಿಯಿತು.

ಹಾಲಿನಲ್ಲಿ ಮೀನು ಸಿಕ್ಕಿತು ಎಂಬುದು ಹಾಲು ಮಾರುವವರನ್ನು ಕಾಡಿಸುವ ಹಳೆಯ ಕುಹಕ. ನಮ್ಮ ಮನೆಯ ಹಾಲಿನಲ್ಲಿ ಅದು ಬಾಲ ಬಡಿಯುತ್ತಿತ್ತು.

ವೆಂಕಟೇಶಪ್ಪ ಈಗ ಕಡ್ಡಿ ಬಿಟ್ಟ. ಡಿಗ್ರಿ ಕೆಳಗಿತ್ತು. ಕರೆಯುವಾಗ ಚುಕ್ಕಿ ನೊಣ ಓಡಿಸಲು ಬಾಲ ಬೀಸುತ್ತಾಳೆ, ಬಾಲ ಕೊಳದಲ್ಲಿ ಅದ್ದಿರುತ್ತದೆ, ಬಾಲದ ನೀರೆಲ್ಲ ಪಾತ್ರೆಗೆ ಬೀಳುತ್ತದೆ. ಅಮ್ಮ ಒಂದು ಹನಿಯನ್ನೂ ಬೆರೆಸಿರಲಿಲ್ಲ. ಬೆರೆಸಿದ್ದು ಹಸು. ಇದನ್ನು ಯಾರಿಗೆ ಹೇಳುವುದು? ಸಾಲಿನಲ್ಲಿ ನಿಂತಿದ್ದ ಒಬ್ಬಾಕೆ ಕೇಳಿಯೇಬಿಟ್ಟಳು: “ಏನ್ ನಾರಾಣಮ್ಮಕ್ಕ, ಸೀರೆಗೂ ನೀರು, ಆಲ್ಗೂ ನೀರಾ?”

ಡೈರಿಯವರು ವಾಪಸು ಕೊಟ್ಟ ಹಾಲನ್ನು ಅಮ್ಮ ಹೊತ್ತುಕೊಂಡು, ಊರ ನಡುಬೀದಿಯಲ್ಲೇ ಮನೆಗೆ ಬಂದಳು. ನಾನು ಜಾಲರಿ ಹಿಡಿದು ಕೊಳದ ಬಳಿ ನಿಂತಿದ್ದೆ. ಅವಳು ಬೈಯಲಿಲ್ಲ. ಕ್ಯಾನನ್ನು ನನ್ನ ಮುಂದೆ ಇಟ್ಟಳು.

“ನಿಮ್ಮಪ್ಪ ತೀರ್ಕಂಡ್ ಮ್ಯಾಲೆ ಇದ್ರಾಗೇ ನಿನ್ನ ಓದ್ಸಿದ್ದು. ಎಷ್ಟೇ ಕಷ್ಟ ಬಂದ್ರೂ ಒಂದ್ ತೊಟ್ಟು ನೀರು ಆಕ್ಲಿಲ್ಲ ಕಣಪ್ಪ. ಈವತ್ತು ನಂಗೇ ಗೊತ್ತಿಲ್ದಂಗೆ ಆಕ್ಬುಟ್ಟೆ.”

‘ಲಾ’ ಹೋಗಿ ‘ಅಪ್ಪ’ ಬಂದಿತ್ತು. ಅಮ್ಮ ನನಗೆ ಮರ್ಯಾದೆ ಕೊಟ್ಟು ಮಾತಾಡಿದಾಗಲೆಲ್ಲ ನನಗೆ ಹೆದರಿಕೆ.

ಕೂಡಲೇ ಡೈರಿಗೆ ಹೋದೆ. ಅಮ್ಮನ ಹೆಸರು ಉಳಿಸಬೇಕಿತ್ತು. ಕಾಲೇಜಿನಲ್ಲಿ ಪಾಠ ಮಾಡುವ ರೀತಿಯಲ್ಲೇ ಕೊಳದ ಆಳ, ಬಾಲದ ಉದ್ದ, ನೀರು ಹಾರುವ ದಿಕ್ಕು ಎಲ್ಲವನ್ನೂ ವಿವರಿಸಿದೆ. ಬಾಲ ಹೇಗೆ ಬೀಸುತ್ತದೆ ಎಂದು ಕೈಯನ್ನು ಹಿಂದೆ ಇಟ್ಟು ಬೀಸಿ ತೋರಿಸಿದೆ. ಇನ್ನೊಂದು ಸಲ ತೋರಿಸಿ ಎಂದು ಹಿಂದೆ ನಿಂತವರು ಕೇಳಿಕೊಂಡರು. ತೋರಿಸಿದೆ! ಅವರಿಗೆ ಅರ್ಥವಾಗಿಲ್ಲವೆಂದೇ ನಾನು ತಿಳಿದಿದ್ದೆ. ವೆಂಕಟೇಶಪ್ಪ ಕಣ್ಣೊರೆಸಿಕೊಂಡು ಹೇಳಿದ: “ಅಕ್ಕ ನೀರು ಆಕಲ್ಲ ಅಂತ ನಂಗೊತ್ತು ಮೇಷ್ಟ್ರೇ. ಕಡ್ಡಿಗೆ ಗೊತ್ತಾಗಲ್ವಲ್ಲ. ಒಂದೋ ಅಸ ಇಟ್ಕಳಿ, ಇಲ್ಲ ಮೀನು ಇಟ್ಕಳಿ.”

ಆದರೂ ಕೊಳ ಬಿಡಲು ಮನಸ್ಸು ಬರಲಿಲ್ಲ. ನೀರು ಹಾರಿಸುವುದು ಬಾಲವಾದರೆ ಬಾಲ ಕಟ್ಟಿದರಾಯಿತು ಎಂದು ನನಗೆ ಹೊಳೆಯಿತು. ಅಂದು ಸಂಜೆ ಅಮ್ಮ ಕರೆಯಲು ಇಳಿಯುವ ಮೊದಲೇ ಚುಕ್ಕಿಯ ಬಾಲದ ತುದಿಗೆ ಮೆತ್ತನೆಯ ಬಟ್ಟೆ ಸುತ್ತಿ ಅದನ್ನು ಕಂಬಕ್ಕೆ ಕಟ್ಟಿದೆ. ಬೇಡ ಎಂದು ಸವಿತಾ ಹೇಳಿದಳಂತೆ. ನನಗೆ ನೆನಪಿಲ್ಲ, ಆದರೆ ಹೇಳಿರುತ್ತಾಳೆ. ಚುಕ್ಕಿ ಒಮ್ಮೆ ಎಳೆದು ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಜಗಳವಾಡುವ ಸ್ವಭಾವದವಳಲ್ಲ. ಮುಂಗಾಲು ಮಡಿಸಿದಳು, ಹಿಂಗಾಲು ಮಡಿಸಿದಳು, ಕೊಳದ ನಡುವೆ ಮಲಗಿಬಿಟ್ಟಳು.

ಅಷ್ಟು ದೊಡ್ಡ ಹಸು ಮಲಗಿದರೆ ಅಷ್ಟು ನೀರು ಬೇರೆಲ್ಲಾದರೂ ಹೋಗಲೇಬೇಕು. ಕಲ್ಲಿನ ಬಳಿ ತೆರೆದಿದ್ದ ಜಾಗದಿಂದ ನೀರು ನಡುಮನೆಗೆ ಹತ್ತಿತು. ಏಂಜೆಲ್‌ಗಳು ದೇವರ ಮನೆಯ ಕಡೆಗೂ ಗಪ್ಪಿಗಳು ಅಡುಗೆಮನೆಯ ಕಡೆಗೂ ಹೊರಟವು. ಅಮ್ಮ ರಾಗಿ ಮೂಟೆ ಎತ್ತಲು ಓಡಿದಳು. ಸವಿತಾ ಟೀ ಸೋಸುವ ಜರಡಿ ಹಿಡಿದು ನೆಲದ ಮೇಲೆ ಕೂತು ಒಂದೊಂದೇ ಮೀನನ್ನು ಹೆಕ್ಕಿ ಕೊಡಕ್ಕೆ ಹಾಕಿದಳು. ತಲೆ ಎತ್ತದೆಯೇ ಕೇಳಿದಳು: “ರೀ, ಸೋಫಾ ತಂದಿದ್ರೆ ಅದೂ ಹೀಗೇ ಮಲಗ್ತಿತ್ತಾ?”

ಬಾಲ ಬಿಚ್ಚಿ, ಕೊಳ ಬರಿದು ಮಾಡಲು ಹೊರಟೆ. ಆಗ ಗೊತ್ತಾಯಿತು, ಸಂಪಿನ ತಜ್ಞ ಚೌಡಪ್ಪ ನೀರು ಆಚೆ ಹೋಗಲು ತೂತೇ ಬಿಟ್ಟಿರಲಿಲ್ಲ. ಸಂಪಿನ ನೀರನ್ನು ಯಾರಾದರೂ ಆಚೆ ಬಿಡುತ್ತಾರೆಯೇ! ಬಕೆಟಿನಲ್ಲಿ ಮೊಗೆದು ಮೊಗೆದು ಹಾಕಿದೆ. ಸಗಣಿ, ಹಾಲು, ಮೀನು ಎಲ್ಲ ಬೆರೆತ ಆ ನೀರು ಗಿಡಕ್ಕೆ ಅಮೃತವೆಂದು ಸುದ್ದಿ ಹಬ್ಬಿ, ಕೊಡ ಹಿಡಿದವರು ಬಾಗಿಲಲ್ಲಿ ಸಾಲು ನಿಂತರು. ಡೈರಿಯ ಸಾಲಿನಲ್ಲಿ ಸೀರೆಯ ಮಾತು ಆಡಿದ್ದಾಕೆಯೂ ಟೊಮೆಟೊ ಗಿಡಕ್ಕೆಂದು ಬಂದಿದ್ದಳು. ಅಮ್ಮ ಆಕೆಯ ಕೊಡಕ್ಕೆ ತಾನೇ ತುಂಬಿಸಿ ಕೊಟ್ಟು, “ಇದ್ರಾಗೆ ಆಲು ಬೆರ್ತದೆ ಕಣವ್ವ, ಕಡ್ಡಿ ಬುಟ್ ನೋಡ್ಕ,” ಎಂದಳು.

ಬೆಳಗ್ಗೆ ಚುಕ್ಕಿ ನೀರಿಲ್ಲದ ಬಿಳಿ ಮರಳಿನ ಮೇಲೆ ನಿಂತು ಹಾಲು ಕೊಟ್ಟಳು. ಅಮ್ಮ ಡೈರಿಗೆ ಹೋಗಿ, ಬೇಡವೆಂದರೂ ಬಿಡದೆ ವೆಂಕಟೇಶಪ್ಪನ ಕೈಯಲ್ಲಿ ಎಲ್ಲರೆದುರು ಕಡ್ಡಿ ಬಿಡಿಸಿದಳು. ಡಿಗ್ರಿ ಎಷ್ಟಿತ್ತೆಂದು ಹೇಳಲಿಲ್ಲ. ಮನೆಗೆ ಬಂದು ಖಾಲಿ ಕ್ಯಾನನ್ನು ಸದ್ದು ಮಾಡಿ ಇಟ್ಟು, “ಲೇ, ಬೂಸಾ ತಗಂಡ್ ಬಾರ್ಲಾ,” ಎಂದಳು. ನನಗೆ ಜೀವ ಬಂತು.

ಮೀನುಗಳನ್ನು ಎಲ್ಲಿಡುವುದು? ಖಾಲಿ ಬಿದ್ದಿದ್ದ ಹೊಸ ಕೊಟ್ಟಿಗೆಯಲ್ಲಿ ನೀರಿನ ತೊಟ್ಟಿ ಇತ್ತು, ಅಲ್ಲಿ ಬಿಟ್ಟೆ. ಬಿಸಿಲಿಗೆ ತಗಡು ಕಾಯುವುದರಿಂದ ಅವು ಚೆನ್ನಾಗಿಯೇ ಇವೆ. ಚಳಿಗೆ ಹೀಟರ್ ಹಾಕಬೇಕು, ಹೀಟರ್ ಹಾಕಿದರೆ ಯಾರಾದರೂ ಪಕ್ಕದಲ್ಲಿರಬೇಕು. ಹಾಗಾಗಿ ಒಂದು ಕುರ್ಚಿ ಹಾಕಿಕೊಂಡೆ, ಪುಸ್ತಕಗಳನ್ನು ತಂದಿಟ್ಟುಕೊಂಡೆ, ಫ್ಯಾನು ಮೊದಲೇ ಇತ್ತು. ಕಾಲೇಜಿನಿಂದ ಬಂದವನು ಈಗ ನೇರವಾಗಿ ಅಲ್ಲಿಗೇ ಹೋಗುತ್ತೇನೆ. ಕಾಫಿಯೂ ಅಲ್ಲಿಗೇ ಬರುತ್ತದೆ.

ಮೊನ್ನೆ ನಮ್ಮ ಪ್ರಿನ್ಸಿಪಾಲರು ಬಂಗಾರಪೇಟೆಗೆ ಬಂದವರು ಹಾಗೆಯೇ ನಮ್ಮ ಮನೆ ಹುಡುಕಿಕೊಂಡು ಬಂದರಂತೆ. ಮುಂಬಾಗಿಲಲ್ಲಿ ನಿಂತು ‘ಮೇಷ್ಟ್ರು ಇದ್ದಾರಾ’ ಎಂದು ಕೂಗಿದ್ದಾರೆ. ಒಳಗಿನಿಂದ ‘ಅಂಬಾ’ ಎಂದು ಉತ್ತರ ಬಂದಿದೆ. ಅಡುಗೆಮನೆಯಿಂದ ಓಡಿಬಂದ ಸವಿತಾ ವಿನಯದಿಂದ ಹೇಳಿದಳಂತೆ:

“ಅದು ಹಸು ಸಾರ್. ಅವರು ಕೊಟ್ಟಿಗೇಲಿದಾರೆ.”